ವೇದಾವತಿಗೆ ಬಾಗಿಲು ಹಾಕಿಸಿದ ದಿವಾನರು

ವೇದಾವತಿ ನಮ್ಮ ಸೀಮೆಯ ನದಿ. ಬಾಬಾಬುಡನ್‌ಗಿರಿಯ ಮಗ್ಗುಲಲ್ಲಿ ವೇದಾ, ಅವತಿ ಅಂತ ಎರಡು ಹಳ್ಳ ಹುಟ್ಟುತ್ತವೆ. ಒಂದು ಸಖರಾಯಪಟ್ಟಣದ ಅಯ್ಯನಕೆರೆಯನ್ನು ತುಂಬಿಸಿ ಬರುತ್ತದೆ, ಇನ್ನೊಂದು ಮದಗದ ಕೆರೆಯನ್ನು ತುಂಬಿಸಿ ಬರುತ್ತದೆ. ಕಡೂರಿನ ಹತ್ತಿರ ಎರಡೂ ಕೂಡಿಕೊಂಡು ವೇದಾವತಿ ಅಂತ ಹೆಸರು ಪಡೆದು ಮೂಡಲಕ್ಕೆ ಮುಖ ಮಾಡುತ್ತವೆ. ಸೇತುವೆ ಮೇಲೆ ಬಸ್ಸು ಹೋಗುವಾಗ ಪ್ರಯಾಣಿಕರು ಕಿಟಕಿಯಲ್ಲಿ ಇಣುಕಿ, ನೀರಿದೆಯೋ ಬರೀ ಮರಳಿದೆಯೋ ನೋಡುತ್ತಾರೆ. ಅಷ್ಟರಲ್ಲಿ ಕಂಡಕ್ಟರು ಚಿಲ್ಲರೆ ಕೇಳುತ್ತಾನೆ, ನದಿ ಮರೆತು ಹೋಗುತ್ತದೆ.

ಆ ನೀರು ಮುಂದೆ ಎಲ್ಲಿಗೆ ಹೋಗುತ್ತದೆ? ಹೊಸದುರ್ಗ ದಾಟಿ, ಹಿರಿಯೂರು ಸೀಮೆಯ ಎರಡು ಗುಡ್ಡಗಳ ನಡುವಿನ ಕಣಿವೆಗೆ. ಅಲ್ಲಿ ಅದಕ್ಕೊಂದು ಕಲ್ಲಿನ ಬಾಗಿಲು. ಹಳಬರ ಬಾಯಲ್ಲಿ ಮಾರಿಕಣಿವೆ, ಸರ್ಕಾರದ ಕಾಗದದಲ್ಲಿ ವಾಣಿವಿಲಾಸ ಸಾಗರ. ಆ ಬಾಗಿಲು ಹಾಕಿಸಿದವರು ದಿವಾನ್ ಕೆ. ಶೇಷಾದ್ರಿ ಅಯ್ಯರ್. ಬೆಂಗಳೂರಿಗೆ ಹೋದವರು ಶೇಷಾದ್ರಿಪುರ ನೋಡಿದ್ದಾರೆ, ಕಬ್ಬನ್ ಪಾರ್ಕಿನಲ್ಲಿ ಅವರ ಪ್ರತಿಮೆಯನ್ನೂ ನೋಡಿದ್ದಾರೆ. ಆದರೆ ಕಡೂರು, ತರೀಕೆರೆ, ಅಜ್ಜಂಪುರದವರಿಗೂ ಈ ಮನುಷ್ಯನಿಗೂ ಇರುವ ನಂಟು ಏನು ಅಂತ ಹೇಳುವವರು ಕಡಿಮೆ. ಈ ವಾರ ಅದನ್ನೇ ಹೇಳೋಣ.

ಪಾಲಕ್ಕಾಡಿನಿಂದ ಮೈಸೂರಿಗೆ

ಶೇಷಾದ್ರಿ ಅಯ್ಯರ್ ಹುಟ್ಟಿದ್ದು 1845ರ ಜೂನ್ 1ರಂದು, ಪಾಲಕ್ಕಾಡಿನ ಹತ್ತಿರದ ಕುಮಾರಪುರದಲ್ಲಿ. ಮನೆಮಾತು ತಮಿಳು. ತಂದೆ ಕಲ್ಲಿಕೋಟೆಯಲ್ಲಿ ವಕೀಲರು, ಮಗ ಇನ್ನೂ ಚಿಕ್ಕವನಿರುವಾಗಲೇ ತೀರಿಕೊಂಡರು. ಹುಡುಗ ಓದಿನಲ್ಲಿ ಚುರುಕು. ಕಲ್ಲಿಕೋಟೆಯಲ್ಲಿ ಶಾಲೆ ಮುಗಿಸಿ, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1866ರಲ್ಲಿ ಬಿ.ಎ. ಪಾಸಾಯಿತು. ಆ ಕಾಲಕ್ಕೆ ಬಿ.ಎ. ಅಂದ್ರೆ ಸಣ್ಣ ಮಾತಲ್ಲ, ಸ್ವಾಮಿ. ಆದರೂ ಸಿಕ್ಕಿದ ಕೆಲಸ ಕಲ್ಲಿಕೋಟೆ ಕಲೆಕ್ಟರ್ ಕಚೇರಿಯಲ್ಲಿ ಭಾಷಾಂತರ ಮಾಡೋದು.

ಅಲ್ಲಿಂದ ಎತ್ತಿ ತಂದವರು ರಂಗಾಚಾರ್ಲು. ಅವರು ಆಗಲೇ ಮೈಸೂರು ಸೇವೆಯಲ್ಲಿದ್ದರು. 1868ರಲ್ಲಿ ಈ ಯುವಕನಿಗೆ ಅಷ್ಟಗ್ರಾಮ ವಿಭಾಗದಲ್ಲಿ ಶಿರಸ್ತೇದಾರಿ ಕೆಲಸ ಸಿಕ್ಕಿತು. ಆಗ ಮೈಸೂರು ಬ್ರಿಟಿಷ್ ಕಮಿಷನರ ಕೈಯಲ್ಲಿತ್ತು. ಶಿರಸ್ತೇದಾರಿಯಿಂದ ಮೇಲೆ ಒಂದೊಂದೇ ಮೆಟ್ಟಿಲು ಹತ್ತುತ್ತಾ 1879ರಲ್ಲಿ ತುಮಕೂರಿನ ಡೆಪ್ಯುಟಿ ಕಮಿಷನರ್ ಆದರು.

ಈ ಮೆಟ್ಟಿಲುಗಳ ನಡುವೆ ಬಂದದ್ದು ಧಾತು ಈಶ್ವರದ ಬರ. 1876ರಿಂದ 78ರ ತನಕ ಮೈಸೂರು ಸೀಮೆ ಸುಟ್ಟು ಕರಕಲಾಯ್ತು. ಐವತ್ತು ಲಕ್ಷ ಜನರಿದ್ದ ನಾಡಿನಲ್ಲಿ ಸುಮಾರು ಹತ್ತು ಲಕ್ಷ ಕಳೆದುಹೋಯಿತು. ಐದು ಜನರಿದ್ದ ಮನೆಯಲ್ಲಿ ಒಬ್ಬರು ಇಲ್ಲ ಅಂತ ಲೆಕ್ಕ ಹಾಕಿಕೊಳ್ಳಿ. ಹಣ ಕೊಟ್ಟರೂ ದವಸವನ್ನು ಹಳ್ಳಿಗಳಿಗೆ ಸಾಗಿಸಲು ಸಾಕಷ್ಟು ರಸ್ತೆಯಿಲ್ಲ, ರೈಲಿಲ್ಲ, ಗಾಡಿ ಎಳೆಯೋ ಎತ್ತುಗಳೇ ಸತ್ತು ಬಿದ್ದಿದ್ದವು. ಆಗ ಮೂವತ್ತರ ಆಸುಪಾಸಿನಲ್ಲಿದ್ದ ಅಧಿಕಾರಿ ಇದನ್ನೆಲ್ಲ ಕಣ್ಣಾರೆ ಕಂಡವರು. ಮುಂದೆ ಹದಿನೆಂಟು ವರ್ಷ ಅವರು ಮಾಡಿದ ಕೆಲಸದ ಬೇರು ಇಲ್ಲೇ ಇದೆ. ರೈಲು ಬೇಕು, ನೀರು ಬೇಕು. ಇವೆರಡಿದ್ದರೆ ಬರ ಬಂದರೂ ಜನ ಸಾಯೋದಿಲ್ಲ.

ನಲವತ್ತು ತುಂಬುವ ಮೊದಲೇ ದಿವಾನಗಿರಿ

1881ರಲ್ಲಿ ರಾಜ್ಯ ಮತ್ತೆ ಒಡೆಯರ ವಂಶಕ್ಕೆ ಬಂತು. ಹತ್ತನೆಯ ಚಾಮರಾಜೇಂದ್ರ ಒಡೆಯರು ಗದ್ದುಗೆ ಏರಿದರು, ರಂಗಾಚಾರ್ಲು ದಿವಾನರಾದರು. ಅದೇ ವರ್ಷದ ದಸರೆಯಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆ ಶುರುವಾಯಿತು. ಎರಡೇ ವರ್ಷಕ್ಕೆ, 1883ರ ಜನವರಿಯಲ್ಲಿ ರಂಗಾಚಾರ್ಲು ತೀರಿಕೊಂಡರು. ಫೆಬ್ರವರಿಯಲ್ಲಿ ಶೇಷಾದ್ರಿ ಅಯ್ಯರ್ ದಿವಾನರಾದಾಗ ವಯಸ್ಸು ಇನ್ನೂ ನಲವತ್ತು ತುಂಬಿರಲಿಲ್ಲ. ಖಜಾನೆಯ ತಲೆ ಮೇಲೆ ಬರದ ಸಾಲ ಕೂತಿತ್ತು.

ಅಂಗಡಿ ಇಟ್ಟವರಿಗೆ ಗೊತ್ತು, ಸಾಲದ ಅಂಗಡಿ ಹಿಡಿದವನು ಮೊದಲು ಮಾಡೋದು ಖರ್ಚಿಗೆ ಕತ್ತರಿ. ಈ ದಿವಾನರು ಹಾಗೆ ಮಾಡಲಿಲ್ಲ. ಸಾಲ ಎತ್ತಿಯಾದರೂ ರೈಲು ಹಾಕಿಸಿದರು. ಬೆಂಗಳೂರಿಂದ ತುಮಕೂರು, ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರು, ಬೀರೂರು, ಅಜ್ಜಂಪುರದ ಮೇಲೆ ಹಾದು 1889ರಲ್ಲಿ ಹರಿಹರ ಮುಟ್ಟಿದ ಲೈನು ಅವರ ಕಾಲದ್ದು. ಬೀರೂರಿಂದ ತರೀಕೆರೆ ಮೇಲೆ ಶಿವಮೊಗ್ಗಕ್ಕೆ 1899ರಲ್ಲಿ ಹೋದ ಕವಲೂ ಅವರ ಕಾಲದ್ದೇ. ಬೀರೂರು ಜಂಕ್ಷನ್ ಆಗಿ, ತೆಂಗಿನಕಾಯಿ, ಅಡಿಕೆ, ದವಸದ ಮಂಡಿಗಳು ಬೆಳೆದದ್ದು ಈ ಕವಲಿನ ದೆಸೆಯಿಂದ. ಇವತ್ತು ಕಡೂರಲ್ಲೋ ಅಜ್ಜಂಪುರದಲ್ಲೋ ತರೀಕೆರೆಯಲ್ಲೋ ರೈಲು ಹತ್ತುವವರು ತುಳಿಯುವುದು ಅವರು ಹಾಕಿಸಿದ ದಾರಿಯನ್ನೇ.

ಮಣ್ಣು ನಿಮ್ಮದು, ಕಲ್ಲು ನಮ್ಮದು

ಇನ್ನು ನೀರಿನ ವಿಚಾರ. ನಮ್ಮ ಬಯಲು ಸೀಮೆ ಬದುಕಿರೋದು ಕೆರೆಗಳಿಂದ. ಕೆರೆ ಒಂದು ದಿನಕ್ಕೆ ಕಟ್ಟಿ ಬಿಡುವ ವಸ್ತುವಲ್ಲ. ಏರಿ ಕುಸಿಯುತ್ತೆ, ತೂಬು ಸೋರುತ್ತೆ, ಕೋಡಿ ಕಿತ್ತು ಹೋಗುತ್ತೆ, ಹೂಳು ತುಂಬುತ್ತೆ. ಮೊದಲೆಲ್ಲ ಊರಿನವರೇ ವರ್ಷಕ್ಕೊಮ್ಮೆ ಕೂಡಿ ಏರಿಗೆ ಮಣ್ಣು ಹಾಕುತ್ತಿದ್ದರು. ಬರದಲ್ಲಿ ಊರೇ ಚದುರಿದ ಮೇಲೆ ಅದೂ ನಿಂತಿತು.

ಆಗ ಸಣ್ಣ ಕೆರೆಗಳಿಗೆ ಒಂದು ಪದ್ಧತಿ ಬಂತು. ಏರಿಗೆ ಮಣ್ಣು ಹಾಕುವ ಕೆಲಸ ರೈತರದು. ತೂಬು, ಕೋಡಿ, ಕಲ್ಲು ಗಾರೆಯ ಕೆಲಸ ಸರ್ಕಾರದ್ದು. ಊರಿನವರು ತಮ್ಮ ಪಾಲಿನ ಮಣ್ಣು ಹೊತ್ತರೆ ಸರ್ಕಾರ ತನ್ನ ಪಾಲಿನ ಕಲ್ಲು ತರುತ್ತದೆ. ವ್ಯಾಪಾರದ ಮಾತಿನಲ್ಲಿ ಹೇಳೋದಾದರೆ ಪಾಲುದಾರಿಕೆ. ಕೆರೆ ಸರ್ಕಾರದ್ದು, ನಮಗೇನು ಅಂತ ಜನ ಅನ್ನುವ ಹಾಗಿಲ್ಲ. ಕೆರೆ ಊರಿನವರದು, ನಮಗೇನು ಅಂತ ಸರ್ಕಾರವೂ ಅನ್ನುವ ಹಾಗಿಲ್ಲ. ತೂಬು ಎತ್ತಿ, ಗದ್ದೆಯಿಂದ ಗದ್ದೆಗೆ ನೀರು ಹಂಚುವ ನೀರುಗಂಟಿ ಮಾತ್ರ ಹಳಬನೇ. ಅವನ ಕೈ ನೇರವಾಗಿದ್ದರೆ ಅಚ್ಚುಕಟ್ಟಿನ ಕೊನೇ ಗದ್ದೆಗೂ ನೀರು.

ಬಾವಿ ತೋಡಲು ರೈತರಿಗೆ ಸರ್ಕಾರದ ಸಾಲವೂ ಸಿಕ್ಕಿತು. ಅವರ ಹದಿನೆಂಟು ವರ್ಷದಲ್ಲಿ ನೀರಾವರಿಗೇ ಸುಮಾರು ಒಂದು ಕೋಟಿ ರೂಪಾಯಿ ಖರ್ಚಾಯಿತು. ಆ ಕಾಲದ ಕೋಟಿ, ನೆನಪಿರಲಿ.

ಪ್ರತಿ ದಸರೆಗೆ ತಾಲೂಕು ತಾಲೂಕಿನಿಂದ ರೈತರೂ ವರ್ತಕರೂ ಮೈಸೂರಿಗೆ ಹೋಗಿ ಪ್ರಜಾಪ್ರತಿನಿಧಿ ಸಭೆಯಲ್ಲಿ ಕೂರುತ್ತಿದ್ದರು. ದಿವಾನರು ವರ್ಷದ ಜಮಾ ಖರ್ಚು ಒಪ್ಪಿಸುತ್ತಿದ್ದರು. ಸದಸ್ಯರು ಕೆರೆ, ರಸ್ತೆ, ಕಂದಾಯದ ಅಹವಾಲು ಹೇಳುತ್ತಿದ್ದರು. ಸಭೆಗೆ ಅಧಿಕಾರ ಇರಲಿಲ್ಲ, ಬಾಯಿ ಮಾತ್ರ ಇತ್ತು. ಅಧಿಕಾರಿಗಳೇ ಆರಿಸಿ ಕಳಿಸುತ್ತಿದ್ದ ಸಭೆಗೆ 1891ರಲ್ಲಿ ಚುನಾವಣೆ ತಂದದ್ದೂ ಇವರ ಕಾಲದಲ್ಲೇ. ಆಸ್ತಿ, ವಿದ್ಯೆ ಇದ್ದವರಿಗಷ್ಟೇ ಓಟು ಅನ್ನೋದು ಬೇರೆ ಮಾತು.

ನೌಕರನ ಮನೆಯ ದೀಪ

ಕಟ್ಟಡ ಕಟ್ಟಿಸೋದು ಸುಲಭ, ನಡೆಸುವ ಜನ ಬೇಕಲ್ಲ! ಅದೇ 1891ರಲ್ಲಿ ಮೈಸೂರು ಸಿವಿಲ್ ಸರ್ವೀಸಿಗೆ ಪರೀಕ್ಷೆ ಬಂತು. ಅಮಲ್ದಾರನಾಗಲು ವಶೀಲಿಯೊಂದೇ ಸಾಲದು, ಪರೀಕ್ಷೆಯಲ್ಲಿ ಗೆಲ್ಲಬೇಕು ಅನ್ನೋ ದಾರಿ ತೆರೆಯಿತು.

ಇನ್ನೊಂದು ಕೆಲಸ ಇದಕ್ಕಿಂತ ದೊಡ್ಡದು, ಆದರೆ ಯಾರ ಬಾಯಲ್ಲೂ ಬರೋದಿಲ್ಲ. ಸರ್ಕಾರಿ ನೌಕರರಿಗೆ ಜೀವವಿಮೆ ಶುರುವಾದದ್ದೂ 1891ರಲ್ಲೇ. ಸಂಬಳದಲ್ಲಿ ತಿಂಗಳು ತಿಂಗಳು ಒಂದಿಷ್ಟು ಹಿಡಿದು, ನೌಕರ ತೀರಿಕೊಂಡರೆ ಹೆಂಡತಿ ಮಕ್ಕಳಿಗೆ ಕೊಡುವ ಏರ್ಪಾಟು. ಇವತ್ತು ಕಡೂರು ತಾಲೂಕು ಕಚೇರಿಯ ಗುಮಾಸ್ತರ, ತರೀಕೆರೆಯ ಮೇಷ್ಟರ, ನೀರಾವರಿ ಇಲಾಖೆಯ ಇಂಜಿನಿಯರ ಸಂಬಳದ ಚೀಟಿಯಲ್ಲಿ ಕೆ.ಜಿ.ಐ.ಡಿ. ಅಂತ ಒಂದು ಕಲಮು ಇರುತ್ತಲ್ಲ, ಅದು ಆ ವಿಮೆಯ ಮೊಮ್ಮಗ. ಹಳ್ಳಿ ಹಳ್ಳಿ ಸುತ್ತಿ, ಜ್ವರ ಹಿಡಿದು, ಪ್ಲೇಗಿಗೆ ಸಿಕ್ಕಿ ಸಾಯುವ ನೌಕರನ ಮನೆ ಬೀದಿಗೆ ಬೀಳಬಾರದು ಅನ್ನೋ ಯೋಚನೆ ನೂರ ಮೂವತ್ತು ವರ್ಷಕ್ಕೂ ಹಿಂದಿನದು.

ಹೆಸರಘಟ್ಟದ ನಲ್ಲಿ

ಬೆಂಗಳೂರಿನವರು ಆವಾಗ ಕುಡಿಯುತ್ತಿದ್ದದ್ದು ಧರ್ಮಾಂಬುಧಿ, ಸಂಪಂಗಿ, ಹಲಸೂರು ಕೆರೆಗಳ ನೀರು, ಬಾವಿ ನೀರು. ಊರು ಬೆಳೆಯಿತು, ಕೆರೆಗೆ ಕೊಳಕು ಸೇರಿತು, ಕಾಲರಾ ಬಂತು. 1890ರ ದಶಕದಲ್ಲಿ ಅರ್ಕಾವತಿಯ ಮೇಲಿನ ಹೆಸರಘಟ್ಟದಿಂದ ಕೊಳಾಯಿ ಹಾಕಿ ನೀರು ತಂದರು. ಚಾಮರಾಜೇಂದ್ರ ವಾಟರ್ ವರ್ಕ್ಸ್ ಅಂತ ಹೆಸರು. ಊರಾಚೆಯಿಂದ ನೀರು ತಂದು, ಅಳೆದು, ಬೀದಿಗೆ ಬಿಡುವ ಇಲಾಖೆಯೊಂದು ಅಲ್ಲಿಂದ ಬೆಳೆಯಿತು. ಈಗ ಪುರಸಭೆಯ ವಾಟರ್‌ಮನ್ ಕೀಲಿ ಹಿಡಿದು ಸೈಕಲ್ಲಿನಲ್ಲೋ ಬೈಕಿನಲ್ಲೋ ಬಂದು ವಾಲ್ವ್ ತಿರುಗಿಸುತ್ತಾನಲ್ಲ, ಆ ಕಸುಬು ಮೈಸೂರು ಸೀಮೆಯಲ್ಲಿ ಶುರುವಾದ ಕಾಲವದು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ, ಇಕ್ಕಟ್ಟಿನ ಪೇಟೆಯಿಂದ ಜನ ಹೊರಗೆ ಬಂದು ನೆಲೆಸಲು ಬಸವನಗುಡಿ, ಮಲ್ಲೇಶ್ವರಂ ಬಡಾವಣೆಗಳು ಎದ್ದದ್ದೂ ಇವರ ಆಡಳಿತದಲ್ಲೇ.

ಮಾರಿಕಣಿವೆ

ಈಗ ನಮ್ಮ ನದಿಗೆ ಬರೋಣ. ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡ ಕಟ್ಟಬೇಕು ಅನ್ನೋದು ಹಳೇ ಆಸೆ. ಆದರೆ ದಾರಿಯಲ್ಲೊಂದು ಮುಳ್ಳು. ವೇದಾವತಿ ಇಲ್ಲಿಂದ ಹರಿದು ಹಗರಿ ಅಂತ ಹೆಸರಾಗಿ ಬಳ್ಳಾರಿ ಸೀಮೆಗೆ ಹೋಗುತ್ತದೆ. ಬಳ್ಳಾರಿ ಆಗ ಮದ್ರಾಸಿಗೆ ಸೇರಿತ್ತು. ಮೇಲೆ ಕಟ್ಟೆ ಕಟ್ಟಿದರೆ ಕೆಳಗೆ ನಮಗೆ ನೀರೆಲ್ಲಿ ಅಂತ ಮದ್ರಾಸಿನ ತಗಾದೆ. 1892ರ ಫೆಬ್ರವರಿಯಲ್ಲಿ ಮೈಸೂರಿಗೂ ಮದ್ರಾಸಿಗೂ ಒಪ್ಪಂದವಾಯ್ತು. ಪಟ್ಟಿಯಲ್ಲಿರುವ ನದಿಗಳಿಗೆ ಮದ್ರಾಸನ್ನು ಕೇಳದೆ ಮೈಸೂರು ಹೊಸ ಕಟ್ಟೆ ಕಟ್ಟುವ ಹಾಗಿಲ್ಲ. ಪಟ್ಟಿಯಲ್ಲಿ ಕಾವೇರಿ ಇತ್ತು, ತುಂಗೆ ಇತ್ತು, ಭದ್ರೆ ಇತ್ತು, ನಮ್ಮ ವೇದಾವತಿಯೂ ಇತ್ತು.

ಈ ಒಪ್ಪಂದ ಮುಂದೆ ಮೈಸೂರಿನ ಕೈ ಕಟ್ಟಿತು. ಕಾವೇರಿ ಜಗಳದ ಬೇರು ಹುಡುಕುತ್ತಾ ಹೋದವರು ಇಲ್ಲಿಗೇ ಬಂದು ನಿಲ್ಲುತ್ತಾರೆ. ಶೇಷಾದ್ರಿ ಅಯ್ಯರ್ ದಿವಾನಗಿರಿಯ ಲೆಕ್ಕಪುಸ್ತಕದಲ್ಲಿ ಇದು ಖರ್ಚಿನ ಪುಟದಲ್ಲಿ ಬರೆಯಬೇಕಾದ ಬಾಬತ್ತು. ಬ್ರಿಟಿಷರ ಕೆಳಗಿನ ಸಂಸ್ಥಾನ, ಎದುರಿಗೆ ಬ್ರಿಟಿಷರದೇ ಪ್ರಾಂತ. ತಕ್ಕಡಿ ಸಮ ಇರಲಿಲ್ಲ ಅನ್ನೋದನ್ನೂ ಜೊತೆಗೇ ಬರೆಯಬೇಕು.

ಅಂತೂ ಮಾರಿಕಣಿವೆಯ ಕೆಲಸ 1897ರ ಸುಮಾರಿಗೆ ಹಿಡಿಯಿತು. ಅಷ್ಟರಲ್ಲಿ, 1894ರ ಡಿಸೆಂಬರಿನಲ್ಲಿ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ತೀರಿಕೊಂಡಿದ್ದರು. ಮಗ ಕೃಷ್ಣರಾಜರು ಇನ್ನೂ ಹತ್ತರ ಬಾಲಕ. ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ರಾಜ್ಯದ ಭಾರ ಹೊತ್ತರು. ಕಟ್ಟೆಗೆ ಅವರ ಹೆಸರು ಬಂದದ್ದು ಹೀಗೆ.

ಕಟ್ಟೆಯನ್ನು ಹೋಗಿ ನೋಡಬೇಕು. ಉದ್ದ 1,330 ಅಡಿ. ಸಿಮೆಂಟು ಇಲ್ಲದ ಕಾಲ, ಕಲ್ಲಿಗೆ ಸುಣ್ಣ ಸುರ್ಕಿ ಗಾರೆ. 30 ಟಿ.ಎಂ.ಸಿ. ನೀರು ಹಿಡಿಯುವ ಹೊಟ್ಟೆ. ಕಟ್ಟಿದವರು ಕಲ್ಲುಕುಟಿಗರು, ಸುಣ್ಣ ಅರೆದವರು, ಬುಟ್ಟಿಯಲ್ಲಿ ಮಣ್ಣು ಹೊತ್ತ ಹೆಣ್ಣಾಳುಗಳು. ಸುತ್ತ ಮಲೇರಿಯಾ ಕಾಟ. ಅವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಹಿನ್ನೀರಿಗೆ ಸಿಕ್ಕಿ ಊರು ಬಿಟ್ಟವರ ಹೆಸರೂ ಇಲ್ಲ. ಕಟ್ಟೆಯ ಹೆಗ್ಗಳಿಕೆ ಹೇಳುವಾಗ ಇವರನ್ನು ಬಿಟ್ಟರೆ ಲೆಕ್ಕ ತಪ್ಪುತ್ತದೆ.

ನೋಡದೆ ಹೋದರು

ಅದೇ ಹೊತ್ತಿಗೆ ಶಿವನಸಮುದ್ರದಲ್ಲಿ ಇನ್ನೊಂದು ಕೆಲಸ ನಡೆದಿತ್ತು. ಕಾವೇರಿ ಬೀಳುವ ರಭಸದಿಂದ ವಿದ್ಯುತ್ ತೆಗೆದು, ತಂತಿಯಲ್ಲಿ ನೂರಕ್ಕೂ ಹೆಚ್ಚು ಕಿಲೋಮೀಟರ್ ದಾಟಿಸಿ ಕೋಲಾರದ ಚಿನ್ನದ ಗಣಿಗೆ ಕೊಡೋದು. ಆವಾಗ ಕೇಳಿದವರು ನಂಬದ ಮಾತು.

ಇಷ್ಟೆಲ್ಲ ಮಾಡಿದವರಿಗೆ ಹೊಗಳಿಕೆ ಮಾತ್ರ ಸಿಕ್ಕಿತು ಅಂದುಕೊಳ್ಳಬೇಡಿ. ದೊಡ್ಡ ಹುದ್ದೆಗಳಿಗೆಲ್ಲ ಮದ್ರಾಸಿನ ಕಡೆಯವರನ್ನೇ ತುಂಬುತ್ತಾರೆ, ಮೈಸೂರಿನವರಿಗೆ ಉಳಿಯೋದು ಗುಮಾಸ್ತಿಕೆ ಅಂತ ಪತ್ರಿಕೆಗಳು ಬರೆದವು, ಸಭೆಯಲ್ಲೂ ಗೊಣಗಾಟವಾಯ್ತು. ತಮ್ಮದೇ ನಡೆಯಬೇಕು ಅನ್ನುವ ಸ್ವಭಾವ, ಮಂತ್ರಾಲೋಚನೆ ಸಭೆಯ ಮಾತು ಕೇಳೋದಿಲ್ಲ ಅನ್ನೋ ದೂರೂ ಇತ್ತು. ಆ ದೂರುಗಳಲ್ಲಿ ಹುರುಳಿರಲಿಲ್ಲ ಅಂತ ಹೇಳಲಾಗದು. ಮುಂದೆ ಸ್ಥಳೀಯರಿಗೆ ಕೆಲಸ ಬೇಕು ಅಂತ ಎದ್ದ ಕೂಗಿಗೆ ಇದೂ ಒಂದು ಕಾರಣ.

1901ರ ಮಾರ್ಚಿನಲ್ಲಿ ಆರೋಗ್ಯ ಕೆಟ್ಟು ಅಧಿಕಾರ ಬಿಟ್ಟರು. ಆರು ತಿಂಗಳಿಗೆ, ಸೆಪ್ಟೆಂಬರ್ 13ರಂದು ತೀರಿಕೊಂಡರು. ವಯಸ್ಸು ಐವತ್ತಾರು. ಶಿವನಸಮುದ್ರದ ವಿದ್ಯುತ್ ಗಣಿ ಮುಟ್ಟಿದ್ದು 1902ರಲ್ಲಿ. ಬೆಂಗಳೂರಿನ ಬೀದಿಯಲ್ಲಿ ದೀಪ ಹತ್ತಿದ್ದು 1905ರಲ್ಲಿ. ಮಾರಿಕಣಿವೆ ಮುಗಿದದ್ದು 1907ರಲ್ಲಿ. ಮೂರರಲ್ಲಿ ಒಂದನ್ನೂ ಅವರು ನೋಡಲಿಲ್ಲ. ಸಾಲ ತಂದವರು, ಬೈಗುಳ ತಿಂದವರು ಅವರು. ಬೆಳಕು ಕಂಡವರು ಬೇರೆ.

ತುಂಬದ ಕಟ್ಟೆ

ಕಟ್ಟೆಯ ಕಥೆ ಅಲ್ಲಿಗೂ ಮುಗಿಯಲಿಲ್ಲ. 1933ರಲ್ಲಿ ಒಂದು ಸಲ ಕೋಡಿ ಬಿದ್ದದ್ದು, ಆಮೇಲೆ ಎಂಬತ್ತೊಂಬತ್ತು ವರ್ಷ ಬೀಳಲೇ ಇಲ್ಲ. ಮೂರು ತಲೆಮಾರಿನ ಹಿರಿಯೂರಿನವರು ಕೋಡಿ ನೋಡದೆ ಕಣ್ಣು ಮುಚ್ಚಿದರು. ಲೆಕ್ಕ ಎಲ್ಲೋ ಜಾಸ್ತಿಯಾಯಿತು, ವೇದಾವತಿಗೆ ಅಷ್ಟು ಶಕ್ತಿ ಇಲ್ಲ ಅನ್ನುವವರೂ ಹುಟ್ಟಿಕೊಂಡರು. ಆದರೂ ಇದ್ದ ನೀರಿನಲ್ಲೇ ಸುಮಾರು 25,000 ಎಕರೆ ಅಚ್ಚುಕಟ್ಟು ಹಸಿರಾಯಿತು, ಚಿತ್ರದುರ್ಗ, ಹಿರಿಯೂರಿಗೆ ಕುಡಿಯುವ ನೀರಾಯಿತು.

ಇಲ್ಲಿಗೆ ಮತ್ತೆ ನಮ್ಮ ತರೀಕೆರೆ, ಅಜ್ಜಂಪುರ ಬರುತ್ತವೆ. ವೇದಾವತಿಯಿಂದ ತುಂಬದ ಕಟ್ಟೆಗೆ ಭದ್ರೆಯ ನೀರು ಕೊಡುವ ಯೋಜನೆ ಬಂತು, ಹೆಸರು ಭದ್ರಾ ಮೇಲ್ದಂಡೆ. ತುಂಗೆಯಿಂದ 17.4 ಟಿ.ಎಂ.ಸಿ. ಎತ್ತಿ ಭದ್ರೆಗೆ ಹಾಕೋದು, ಭದ್ರೆಯಿಂದ 29.9 ಟಿ.ಎಂ.ಸಿ. ಎತ್ತೋದು. ತರೀಕೆರೆ ಸೀಮೆಯಲ್ಲಿ ಪಂಪು, ಅಜ್ಜಂಪುರದ ಹತ್ತಿರ ಗುಡ್ಡ ಕೊರೆದು ಸುಮಾರು ಏಳು ಕಿಲೋಮೀಟರ್ ಸುರಂಗ. 2019ರ ಹೊತ್ತಿಗೆ ಆ ದಾರಿಯಲ್ಲಿ ಭದ್ರೆಯ ನೀರು ವಾಣಿವಿಲಾಸಕ್ಕೆ ಹರಿಯಿತು. 2022ರ ಮಳೆಗಾಲ ಜೋರಾಗಿ, ವೇದಾವತಿಯೂ ಉಕ್ಕಿ, ಸೆಪ್ಟೆಂಬರಿನಲ್ಲಿ ಕಟ್ಟೆ ಕೋಡಿ ಬಿತ್ತು. ಜಾತ್ರೆಯ ಹಾಗೆ ಜನ ನೋಡಲು ಹೋದರು. 2025ರಲ್ಲಿ ಮತ್ತೆ ತುಂಬಿತು.

ಶೇಷಾದ್ರಿ ಅಯ್ಯರ್ ಕಟ್ಟಿಸಿದ ಹೊಟ್ಟೆ ನೂರು ವರ್ಷ ಕಾದು ಕೂತಿತ್ತು ಅಂತಾಯ್ತು. ಕಟ್ಟೆ ದೊಡ್ಡದಾಯಿತು ಅಂತ ಬೈದವರ ಮೊಮ್ಮಕ್ಕಳಿಗೇ ಅದು ಸರಿಹೋಯಿತು.

ನಮ್ಮ ಪಾಲು ಎಲ್ಲಿ?

ಈಗ ಅಂಗಡಿ ಮುಂದೆ, ಬಸ್ಸಿನಲ್ಲಿ ಕೇಳುವ ಮಾತು ಒಂದೇ. ನದಿ ನಮ್ಮದು, ಗುಡ್ಡ ನಮ್ಮದು, ಕಾಲುವೆ ನಮ್ಮ ಹೊಲದ ಮೇಲೆ, ನೀರು ಮಾತ್ರ ಆ ಕಡೆಗೆ. ಈ ಮಾತಿನಲ್ಲಿ ನ್ಯಾಯವಿದೆ. ಯೋಜನೆಯ ಕಾಗದದಲ್ಲಿ 367 ಕೆರೆ ತುಂಬಿಸುವ ಲೆಕ್ಕವಿದೆ, ಚಿಕ್ಕಮಗಳೂರು ಜಿಲ್ಲೆಯ ಹೆಸರೂ ಇದೆ. ಕಾಗದದ ನೀರು ಕೆರೆಗೆ ಇಳಿಯುವ ತನಕ ಕೇಳುತ್ತಲೇ ಇರಬೇಕು. ಹಿಂದಿನವರು ದಸರೆ ಸಭೆಗೆ ಗಾಡಿ ಕಟ್ಟಿಕೊಂಡು ಹೋಗಿ ಕೇಳುತ್ತಿದ್ದರು. ನಮಗೆ ಪಂಚಾಯಿತಿ ಇದೆ, ಪುರಸಭೆ ಇದೆ, ಓಟೂ ಇದೆ.

ಆದರೆ ಕೆಳಗಿನವರನ್ನು ಬೈದು ಪ್ರಯೋಜನವಿಲ್ಲ. ಕಡೂರಿನವರು ಹಿರಿಯೂರಿನವರಿಗೆ ಮೇಲಿನವರಾದರೆ, ಭದ್ರೆಯ ಲೆಕ್ಕದಲ್ಲಿ ನಾವೂ ಯಾರಿಗೋ ಕೇಳುವವರೇ. 1892ರಲ್ಲಿ ಮದ್ರಾಸಿನವರು ನಮಗೆ ಹಾಕಿದ ತಗಾದೆಯನ್ನೇ ಇವತ್ತು ನಾವು ಅಕ್ಕಪಕ್ಕದವರಿಗೆ ಹಾಕುತ್ತಿದ್ದೇವೆ.

ಇನ್ನೊಂದು ಮಾತು. ಕೆರೆಗೆ ನೀರು ಬಂದರೆ ಸಾಲದು, ನಿಲ್ಲಬೇಕು. ಏರಿಯ ಮೇಲೆ ಜಾಲಿ ಬೆಳೆದು, ಕೆರೆಯಂಗಳ ಒತ್ತುವರಿಯಾಗಿ, ತೂಬಿನ ಬಾಯಿಗೆ ಹೂಳು ಕೂತಿದ್ದರೆ ಭದ್ರೆ ಬಂದರೂ ಅಷ್ಟೇ, ಗಂಗೆ ಬಂದರೂ ಅಷ್ಟೇ. ಮಣ್ಣು ಊರಿನವರದು, ಕಲ್ಲು ಸರ್ಕಾರದ್ದು ಅನ್ನೋ ಹಳೇ ಪಾಲುದಾರಿಕೆ ಮುರಿದು ಬಹಳ ಕಾಲವಾಯ್ತು. ಈಗ ಎರಡೂ ಕಡೆಯವರು ಕೈ ತೊಳೆದುಕೊಂಡು ಕೂತಿದ್ದೇವೆ.

ಬೇಸಿಗೆಯಲ್ಲಿ ನಲ್ಲಿ ಒಣಗಿದರೆ ಮೊದಲು ಬೈಗುಳ ತಿನ್ನೋನು ವಾಟರ್‌ಮನ್. ನೀರು ಮಾಡುವವನು ಅವನಲ್ಲ, ಇದ್ದದ್ದನ್ನು ಹಂಚುವವನು. ಹಿಂದೆ ನೀರುಗಂಟಿಗೆ ಸುಗ್ಗಿಯಲ್ಲಿ ಪ್ರತಿ ಕಣದಿಂದ ಒಂದಿಷ್ಟು ದವಸ ಹೋಗುತ್ತಿತ್ತು. ಊರಿನ ಋಣ ಅವನ ಮೇಲೆ, ಅವನ ಋಣ ಊರಿನ ಮೇಲೆ. ಇವತ್ತು ಪುರಸಭೆಯವರು, ಪಂಚಾಯಿತಿಯವರು ಈ ಜನಕ್ಕೆ ಸಂಬಳ ಹೊತ್ತಿಗೆ ಕೊಡಲಿ, ಖಾಯಂ ಇಲ್ಲದವರಿಗೂ ವಿಮೆ ಮಾಡಿಸಲಿ. 1891ರಲ್ಲಿ ಆದ ಕೆಲಸ ಈಗ ಆಗೋದಿಲ್ಲ ಅಂದ್ರೆ ಯಾರು ನಂಬುತ್ತಾರೆ?